ದೊಡ್ಡವ್ವ ಅನ್ನು, ಮಗಳೇ

ಕಟ್ಟಾಯ
ಶ್ರಾವಣ ಶನಿವಾರ, 1964

ತಂಗಿ ಸುಶೀಲಳಿಗೆ ಅಕ್ಕನ ಆಶೀರ್ವಾದ.

ಇವತ್ತು ಒಪ್ಪತ್ತು. ಕೊಟ್ಟಿಗೆ ಬಾಚಿ, ದೀಪ ಹಚ್ಚಿ ಬರೆಯಲು ಕೂತೆ. ಲಂಡನ್ನಿಗಿಂತ ಬ್ರಾಡ್‌ಫರ್ಡಿನಲ್ಲಿ ಬಾಡಿಗೆ ಅಗ್ಗ, ಮಗಳಿಗೂ ಕೋಣೆಯಾಯಿತು, ಕಳಿಸು ಎಂದಿದ್ದೀಯೆ. ಒಳ್ಳೆಯದಾಯಿತು. ಬುಧವಾರ ನಿನ್ನ ಯಜಮಾನರು ಬಂದು ಕಾವೇರಿಯನ್ನು ಕರೆದೊಯ್ಯುತ್ತಾರೆ.

ಎಂಟು ತಿಂಗಳ ಕೂಸನ್ನು ಬಿಟ್ಟುಹೋದೆ, ಈಗ ಆರು ವರ್ಷ. ನನ್ನನ್ನೇ ಅವ್ವ ಅನ್ನುತ್ತಾಳೆ. ದೊಡ್ಡವ್ವ ಅನ್ನಲು ಹದಿನೈದು ದಿನದಿಂದ ಕಲಿಸುತ್ತಿದ್ದೇನೆ. ನಿನ್ನೆ, "ನಾನೇನ್ ತಪ್ ಮಾಡ್ದೆ ಅವ್ವ? ಇನ್ಮೇಲೆ ಮಾಡಾಕಿಲ್ಲ ಕಣವ್ವ" ಅಂದಳು. ನಾನು ಓಗೊಡಲಿಲ್ಲ.

ಅನ್ನ ಆರಿಸಿ ಕೊಡು. ಮೊದಮೊದಲು ಹತ್ತಿರ ಬರದಿದ್ದರೆ ಗದರಬೇಡ. ನಿನ್ನನ್ನು ಅವ್ವ ಎಂದ ದಿನವೇ ಕಾಗದ ಬರಿ. ನಮ್ಮೂರಿಗೆ ಅಂಚೆಯವನು ವಾರಕ್ಕೊಮ್ಮೆ ಬರುವುದು, ಅಲ್ಲಿವರೆಗೆ ತಡೆಯಲಾರೆ. ಹಾಸನದಲ್ಲಿ ಕೃಷ್ಣಪ್ಪಮಾವನ ಅಂಗಡಿಗೆ ಹಾಕು, ಬಂದ ದಿನವೇ ತಂದುಕೊಡಲು ಅವರಿಗೆ ಹೇಳಿರುತ್ತೇನೆ.

ನಿನ್ನ ಅಕ್ಕ,
ದೇವೀರಮ್ಮ