ಬೇಲಿಯ ಬಳಿ ನಿನ್ನ ಬೆನ್ನು

ಅಪ್ಪಾ,

ಮೊಣಕಾಲ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಾನೀಗ ರೇಸಿನಲ್ಲಿ ಓಡಿಸುತ್ತಿರುವುದು ನೀನು ತೀರಿಹೋದಮೇಲೆ ಸಿಕ್ಕ ಕಾರು. ಚಿಕ್ಕವಳಿದ್ದಾಗ ಓಡಿಸುತ್ತಿದ್ದ ಆ ಪುಟ್ಟ ರೇಸ್ ಗಾಡಿ, ಗೋಕಾರ್ಟ್‌ನಂತಲ್ಲ. ಇಡೀ ದಿನದ ಓಟ, ಒಂದೇ ಕಾರು, ಮೂವರು ಚಾಲಕರು. ನನ್ನ ಸರದಿ ಮುಗಿದಾಗ ಮುಂದಿನವನನ್ನು ಕೂರಿಸಿ ಬೆಲ್ಟ್ ಬಿಗಿಯುವುದೂ ನನ್ನ ಕೆಲಸವೇ.

ಈಗಷ್ಟೇ ಬಿಗಿದು ಕಳಿಸಿದೆ. "ಅಮ್ಮಾ ತಾಯಿ, ಉಸಿರು ಕಟ್ತಿದೆ," ಅಂದ. "ಕಟ್ಲಿ ಬಿಡು," ಅಂದೆ. ನನ್ನ ಹೆಲ್ಮೆಟ್ಟಿನ ಪಟ್ಟಿ ಎಳೆಯುವಾಗ ನೀನು ಹೇಳುತ್ತಿದ್ದ ಮಾತು.

ಅವನು ಹೋದ ಸ್ವಲ್ಪ ಹೊತ್ತಿಗೆ, ತಿರುವಿನಲ್ಲಿ ಯಾವುದೋ ಕಾರು ಗೋಡೆಗೆ ಬಡಿದಿದೆ ಎಂದು ಯಾರೋ ಕೂಗಿದರು. ಎಲ್ಲರೂ ಓಟ ತೋರಿಸುವ ಟಿವಿ ಪರದೆಯ ಕಡೆಗೆ ಓಡಿದರು. ನಾನು ಟೈರುಗಳ ರಾಶಿಗೆ ಮುಖ ಮಾಡಿ, ನಮ್ಮ ಇಂಜಿನ್ನಿನ ಸದ್ದಿಗಾಗಿ ಕಿವಿಗೊಟ್ಟು ನಿಂತೆ. ಎಷ್ಟೋ ಹೊತ್ತಿನ ಮೇಲೆ ಅದು ಬಂತು. ನಮ್ಮದೇ ಸದ್ದು.

ಮೆಕ್ಯಾನಿಕ್ ನಕ್ಕ. "ಏನಮ್ಮಾ, ಟೈರ್ ಜೊತೆ ಜಗಳಾನಾ? ಓಟ ಈ ಕಡೆ ನಡೀತಿದೆ."

ಗೋಕಾರ್ಟ್ ದಿನಗಳಲ್ಲಿ ಪ್ರತಿ ಸುತ್ತಿಗೂ ನೀನು ನಿಲ್ಲುತ್ತಿದ್ದ ಬೇಲಿಯತ್ತ ಕಣ್ಣು ಹಾಯಿಸುತ್ತಿದ್ದೆ, ಅಪ್ಪಾ. ಪ್ರತಿ ಸುತ್ತಿಗೂ ನಿನ್ನ ಬೆನ್ನೇ ಕಾಣುತ್ತಿತ್ತು. "ನೋಡೋಕೆ ಇಷ್ಟ ಇಲ್ದೋರು ಯಾಕೆ ಬರ್ಬೇಕು?" ಎಂದು ಅಮ್ಮನ ಮೇಲೆ ರೇಗಿದ್ದೆ. ನೀನು ಒಳಕೋಣೆಯಲ್ಲೇ ಇದ್ದೆ. ಮುಂದಿನ ಭಾನುವಾರದಿಂದ ನೀನು ಬರಲಿಲ್ಲ.

ಮೂರನೆಯವನೂ ಓಡಿಸಿ ಇಳಿದ ಮೇಲೆ ಮತ್ತೆ ನನ್ನ ಸರದಿ. ಇಲ್ಲೂ ಒಂದು ಬೇಲಿಯಿದೆ, ಉದ್ದಕ್ಕೂ ಜನ. ಒಂದು ಬೆನ್ನಿಗಾಗಿ ಎಷ್ಟು ಹುಡುಕಿದರೂ ಎಲ್ಲರ ಮುಖವೂ ನಮ್ಮ ಕಡೆಗೇ ಇದೆ.