ಎ.ಸಿ. ಕಿಂಡಿಯ ಸಂಪಿಗೆ

ತಮ್ಮಾ ಆ-ಖುನ್,

ಕಾರಿನ ಕೀ ಅಕ್ಕಿ ಡಬ್ಬಿಯ ಮೇಲಿದೆ. ಪೈಪು ಸೋರುತ್ತಿತ್ತಂತೆ, ಗ್ಯಾರೇಜಿನ ಲ್ಯೂ ಮೇಸ್ತ್ರಿ ಅದನ್ನು ಬದಲಾಯಿಸಿ ಎ.ಸಿ.ಗೆ ಹೊಸದಾಗಿ ಗ್ಯಾಸ್ ತುಂಬಿಸಿದ್ದಾರೆ. ತೈನಾನಿನ ಬಿಸಿಲಿಗೆ ಅಮ್ಮ ಇನ್ನು ಬೇಯಬೇಕಿಲ್ಲ.

ಆದರೆ ಕಾರಿನೊಳಗಿನ ಆ ಗಬ್ಬು ನಾತ ನೀನು ಅಂದುಕೊಂಡಂತೆ ಗ್ಯಾಸಿನದಲ್ಲ, ಮಾರಾಯ. ಸಿಗ್ನಲ್ಲಿನ ಅಜ್ಜಿಯಿಂದ ದಿನಾ ಬಿಳಿ ಸಂಪಿಗೆ ಕೊಂಡು ಎ.ಸಿ. ಕಿಂಡಿಗೆ ಸಿಕ್ಕಿಸುತ್ತೀಯಲ್ಲ, ಬಾಡಿದ್ದನ್ನು ಒಂದು ದಿನವಾದರೂ ತೆಗೆದಿದ್ದೀಯಾ? ಮೇಸ್ತ್ರಿ ಒಳಗಿಂದ ಒಂದು ಹಿಡಿ ಕರಿ ಲೋಳೆ ಎಳೆದು ತೆಗೆದರು. ಫಿಲ್ಟರಿಗೆ ಬೂಷ್ಟು ಹಿಡಿದಿತ್ತು. "ಇದೇನಮ್ಮಾ, ಕಾರಾ ತಿಪ್ಪೇನಾ?" ಅಂದರು. ನಾತ ಹೆಚ್ಚಾದಷ್ಟೂ ನೀನು ಹೂವು ಹೆಚ್ಚಿಸಿದೆ, ಮಹಾನುಭಾವ!

ಇನ್ನು ಒಂದು ಹೂವೂ ಕಾರಿನೊಳಗೆ ಬರಕೂಡದು. ಅಜ್ಜಿಯನ್ನು ಕಂಡು ಕರುಳು ಚುರುಕ್ ಅಂದರೆ, ಕೊಂಡು ತಂದು ದೇವರ ಮುಂದಿಡು.

ಡಯಾಲಿಸಿಸ್ಸಿಗೆ ಹೊರಡುವ ಮುಂಚೆ ಅಮ್ಮ ಎರಡೆರಡು ಸಲ ಮೈ ತಿಕ್ಕಿ ಸ್ನಾನ ಮಾಡುವುದೇಕೆಂದು ನಿನ್ನೆ ನಾನು ಕೇಳಿದೆ. "ಕಾರಲ್ಲಿ ನನ್ನ ಮೈ ನಾರ್ತದೆ ಕಣೇ. ಅದಕ್ಕೇ ಅವನು ಹೂವು ಇಡ್ತಾನೆ. ಪಾಪ, ಬಾಯಿಬಿಟ್ಟು ಏನೂ ಅನ್ನಲ್ಲ" ಅಂದಳು.

ಎರಡು ಗಂಟೆಗೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅವಳು ಬಚ್ಚಲಿಗೆ ಹೋಗುವ ಮೊದಲೇ ನಿಜ ಹೇಳು.

ಅಕ್ಕ