ಸೊಪ್ಪಿನಂಗಡಿಯ ಮೇಲೆ ಗೂಬೆ ಕೂರಿಸಬೇಡಿ

ಬೊಜ್ಜು ನಿವಾರಣಾ ಅಭಿಯಾನದ ಮುಖ್ಯಾಧಿಕಾರಿಗಳೇ,

ರಸ್ತೆಬದಿಯ ನಮ್ಮ ತರಕಾರಿ ಅಂಗಡಿಗಳನ್ನು ಮುಚ್ಚಬೇಕೆಂಬ ನಿಮ್ಮ ಆದೇಶವನ್ನು ನಾವು ಪಾಲಿಸುವುದಿಲ್ಲ. ಎಡವಟ್ಟು ಮಾಡಿದ್ದು ನಿಮ್ಮ ಬಾಟಲಿ. ಶಿಕ್ಷೆ ನಮ್ಮ ಅಂಗಡಿಗೆ ಏಕೆ?

ಮಿಜೋರಾಂನ ಈ ಗುಡ್ಡಗಳಲ್ಲಿ ನಾವು ಬೆಳಿಗ್ಗೆ ಬಿದಿರಿನ ಅಟ್ಟಣೆಯ ಮೇಲೆ ಸೊಪ್ಪು, ಗೆಣಸು, ಕುಂಬಳಕಾಯಿ ಇಟ್ಟು ಹೊಲಕ್ಕೆ ಹೋಗುತ್ತೇವೆ. ಕಾಯಲು ಯಾರೂ ಇರುವುದಿಲ್ಲ. ಬೇಕಾದವರು ಬೇಕಾದ್ದನ್ನು ಒಯ್ದು ಡಬ್ಬಿಗೆ ದುಡ್ಡು ಹಾಕುತ್ತಾರೆ. ನನ್ನ ಅಕ್ಕ ಬಿಯಾಕ್‌ಮೋಯಿಯ ಮನೆ ನಡೆಯುವುದೇ ಇಂಥ ಅಂಗಡಿಯಿಂದ. ಅಲ್ಲಿಗೆ ನಿಮ್ಮ ಜೀಪು ಬಂದು, ಫುಯ್ನಾಮ್ ಸೊಪ್ಪಿನ ಸಾರ ತುಂಬಿದ ಬಾಟಲಿಗಳನ್ನು ಕುಂಬಳಕಾಯಿಯ ಪಕ್ಕದಲ್ಲಿಟ್ಟು ಹೋಯಿತು. ‘ಉಚಿತ! ಬೊಜ್ಜು ಕರಗಿಸುತ್ತದೆ!’ ಎಂಬ ಫಲಕ ಮಾತ್ರ ಮಿಜೋ ಭಾಷೆಯಲ್ಲಿ. ಎಷ್ಟು ಕುಡಿಯಬೇಕು, ಯಾರು ಕುಡಿಯಬಾರದು ಎಂಬುದೆಲ್ಲ ಇಂಗ್ಲಿಷಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣಗೆ.

ಅಕ್ಕನೂ ನನ್ನ ಹಾಗೆ ದಪ್ಪ ಹೆಂಗಸು. ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಾಳೆ. ಫುಯ್ನಾಮ್ ನಮ್ಮ ಅಡುಗೆಮನೆಯ ಸೊಪ್ಪು, ಹಂದಿಮಾಂಸದ ಜೊತೆ ‘ಬಾಯ್’ ಎಂಬ ಮೇಲೋಗರ ಬೇಯಿಸುವಾಗ ಹಾಕುವಂಥದ್ದು. ಹೀಗಾಗಿ ಅವಳು ನಿಮ್ಮ ಬಾಟಲಿಯನ್ನು ನೇರವಾಗಿ ಬಾಯ್ ಪಾತ್ರೆಗೆ ಬಗ್ಗಿಸಿದಳು.

“ಅಷ್ಟೂ ಸುರೀತೀಯಾ ಅಕ್ಕ?” ಎಂದೆ.

“ಸೊಪ್ಪಿನ ರಸ ತಾನೇ? ಪಾತ್ರೆಗೆ ಹಾಕ್ದೆ ತಲೆಗೆ ಹಚ್ಕೊಳ್ಲಾ?”

ಪಕ್ಕದ ಮನೆಯ ಝೈರೆಮಿ ಬಾಗಿಲಲ್ಲೇ ನಿಂತು ನಕ್ಕಳು. “ಹಾಕು, ಹಾಕು! ಹಂದಿ ಕೊಬ್ಬು ತಿಂದೂ ಸಪೂರ ಆಗೋ ಯೋಗ ಯಾರಿಗುಂಟು!”

ಉಂಡು ಮೇಲೇಳಲು ಹೋದ ಅಕ್ಕ ಕಣ್ಣು ಕತ್ತಲೆಗಟ್ಟಿ ಒಲೆಯ ಪಕ್ಕದಲ್ಲೇ ಕುಸಿದಳು. ಮಾತ್ರೆಯ ಜೊತೆ ಸಾರವೂ ಸೇರಿ ರಕ್ತದೊತ್ತಡ ಪಾತಾಳಕ್ಕಿಳಿದಿರಬೇಕು ಎಂದರು ವೈದ್ಯರು. ಬದುಕಿಕೊಂಡಳು. ಆದರೆ ಇವತ್ತಿಗೂ ಬಚ್ಚಲಿಗೆ ಒಬ್ಬಳೇ ಹೋಗಲು ಹೆದರುತ್ತಾಳೆ. ಅವಳ ಕೈ ಹಿಡಿದು ನಡೆಸುವಾಗ ನನಗೆ ಸಿಟ್ಟಿಗೇ ಅಳು ಬರುತ್ತದೆ.

ಆಸ್ಪತ್ರೆಗೆ ಬಂದ ನಿಮ್ಮ ಸಹಾಯಕರು ಕುಶಲ ಕೇಳಲಿಲ್ಲ, ಗದರಿದರು. “ಒಂದು ಚಮಚ ಅಂತ ಬರ್ದಿತ್ತಲ್ರೀ? ಗೊತ್ತಾಗ್ದಿದ್ರೆ ಅಲ್ಲೇ ಕೇಳ್ಬೇಕಿತ್ತು.”

ಅಕ್ಕ ಮಲಗಿದಲ್ಲಿಂದಲೇ ಕೇಳಿದಳು: “ಯಾರನ್ನ ಕೇಳ್ಲಿ ಸಾರ್? ಕುಂಬಳಕಾಯಿನಾ?”

ಇದಾದ ಮೇಲೆ ತಮಗೆ ಜ್ಞಾನೋದಯವಾಯಿತು: ಕಾಯುವವರಿಲ್ಲದ ಅಂಗಡಿಗಳು ಜನರ ಆರೋಗ್ಯಕ್ಕೆ ಅಪಾಯವಂತೆ! ಸ್ವಾಮಿ, ನಮ್ಮ ಗೆಣಸು ತಿಂದು ಯಾರೂ ಆಸ್ಪತ್ರೆ ಸೇರಿಲ್ಲ. ನಿಮ್ಮ ಸಾರ ಕುಡಿದ ಪ್ರಯೋಗಾಲಯದ ಇಲಿಗಳು ಸಪೂರವಾದವಂತೆ, ಬಹಳ ಸಂತೋಷ. ಆ ಇಲಿಗಳು ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದವೇ? ಸೊಪ್ಪಿನಲ್ಲಿ ಗುಣವಿಲ್ಲ ಎಂದು ನಾನು ಹೇಳುತ್ತಿಲ್ಲ. ಇದ್ದೀತು. ಮನುಷ್ಯರ ಮೇಲೆ ಪರೀಕ್ಷಿಸಬೇಕಿದ್ದರೆ ಮೊದಲು ಮನುಷ್ಯರ ಒಪ್ಪಿಗೆ ಕೇಳಿ, ಪಕ್ಕದಲ್ಲೊಬ್ಬ ವೈದ್ಯರನ್ನು ನಿಲ್ಲಿಸಿ. ದಪ್ಪಗಿದ್ದೇವೆಂದ ಮಾತ್ರಕ್ಕೆ ನಾವು ನಿಮ್ಮ ಪಂಜರದ ಇಲಿಗಳಲ್ಲ.

ಆದ್ದರಿಂದ ಆದೇಶವನ್ನೂ ಬಾಟಲಿಗಳನ್ನೂ ಒಟ್ಟಿಗೇ ವಾಪಸು ಪಡೆಯಿರಿ. ತಪ್ಪು ಯಾರದೆಂದು ನಮ್ಮ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಿರಿ. ಅಲ್ಲಿಯವರೆಗೆ ದಿನವೂ ಅಕ್ಕನ ಗೆಣಸನ್ನು ನಾನೇ ಹೊತ್ತು ತಂದು ಅಟ್ಟಣೆಯ ಮೇಲಿಡುತ್ತೇನೆ. ಬೀಗ ಹಾಕಿಸುವುದಾದರೆ ಧಾರಾಳವಾಗಿ ಬನ್ನಿ. ತಡೆಯಲು ಅಲ್ಲಿ ಯಾರೂ ಇರುವುದಿಲ್ಲ. ಬಾಗಿಲೇ ಇಲ್ಲದ ಅಂಗಡಿಗೆ ಬೀಗ ಎಲ್ಲಿ ಜಡಿಯುತ್ತೀರೋ ನಾವೂ ನೋಡುತ್ತೇವೆ.

ಇಂತಿ,
ತೂಕ ಇಳಿಸಲಾಗದ, ತಲೆಯನ್ನೂ ತಗ್ಗಿಸದ
ರೋಸಿಯಾಮಿ